ಎಲೆ ತಂದಿದ್ದೀರಾ

ಸಂತೆ ದಿನವೇ ಷಟರ್ ಎಳೆದು
ಐವತ್ಮೂರನೇ ವಯಸ್ಸಿಗೆ ತರಗತಿಗೆ ಹೊರಟೆ.
ಬಗಲಲ್ಲಿ ಇನ್ನೂರು ಪುಟದ ನೋಟ್‌ಬುಕ್,
ಜೇಬಲ್ಲಿ ಮೊಮ್ಮಗಳು ಕಚ್ಚಿದ ಪೆನ್ಸಿಲ್.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೂಗಿದರು:
ಏನು ನಾಚಪ್ಪ, ಇವತ್ತು ಗೊಬ್ಬರ ಇಲ್ವಾ?
ಇವತ್ತು ನನಗೇ ಹಾಕ್ತಾರಂತೆ, ಅಂದೆ.

ಲೈಸೆನ್ಸ್ ಉಳಿಯಬೇಕಾದರೆ ಡಿಪ್ಲೊಮಾ ಬೇಕು.
ನಲವತ್ತೆಂಟು ಭಾನುವಾರ.
ಕುಟ್ಟದವರು, ಶನಿವಾರಸಂತೆಯವರು, ಎಲ್ಲ ಬೆಂಚೂ ಭರ್ತಿ.
ಉಳಿದದ್ದು ಒಂದೇ ಜಾಗ, ಮೊಯ್ದುವಿನ ಪಕ್ಕ.
ಎದುರಂಗಡಿ ಮೊಯ್ದು.
ಒಂದು ಲೋಡು ಯೂರಿಯಾದ ವಿಷಯಕ್ಕೆ
ಹನ್ನೊಂದು ವರ್ಷ ನಾವು ಮಾತಾಡಿಲ್ಲ.
ನಡುವೆ ಇದ್ದದ್ದು ರಸ್ತೆ.
ಈಗ ಒಂದು ಮೊಣಕೈ.

ಪಾಠದ ಮೇಡಂ ನನ್ನ ಮಗಳಿಗಿಂತ ಚಿಕ್ಕವರು.
ಡಬ್ಬಿ ಎತ್ತಿ ಹಿಡಿದು, ಈ ತ್ರಿಕೋನದ ಬಣ್ಣ ನೋಡಿ,
ಕೆಂಪು ಅಂದರೆ ಏನು, ನಿಮಗೆ ಗೊತ್ತೇ ಇರುತ್ತೆ, ಅಂದರು.
ಇಪ್ಪತ್ತಾರು ವರ್ಷ
ಅದರ ಮೇಲೆಯೇ ಬೆಲೆಚೀಟಿ ಅಂಟಿಸಿದ್ದೆ ನಾನು.

ತಿತಿಮತಿಯ ಮಾರ ನೆನಪಾದ.
ಔಷಧಿ ಹೊಡೆದು ಬಂದು ನನ್ನ ಅಂಗಡಿ ಮೆಟ್ಟಿಲಲ್ಲಿ ಕೂತು
ಬಲ್ಬು ಎರಡೆರಡು ಕಾಣ್ತದೆ ಸಾಮಿ, ಅಂದಿದ್ದ.
ಮಜ್ಜಿಗೆ ಕುಡಿಸಿ ಕಳಿಸಿದ್ದೆ.
ಬದುಕಿದ. ಆ ಮಾತು ಬೇರೆ.
ಅದೇ ವರ್ಷ ಕಂಪನಿಯವನು ನನ್ನನ್ನು ಬ್ಯಾಂಕಾಕಿಗೆ ಕರಕೊಂಡು ಹೋಗಿದ್ದ,
ನೂರು ಪೆಟ್ಟಿಗೆ ಮಾರಿದ್ದಕ್ಕೆ.

ಪ್ರಾಕ್ಟಿಕಲ್ ದಿನ ಬೋರ್ಡೋ ದ್ರಾವಣ.
ಇಬ್ಬರಿಗೆ ಒಂದು ಡ್ರಮ್ಮು. ನನಗೆ ಮತ್ತೆ ಮೊಯ್ದು.
ಅವನು ಸುಣ್ಣ ಅರಳಿಸಿದ, ನಾನು ಮೈಲುತುತ್ತ ಕರಗಿಸಿದೆ.
ಸುಣ್ಣಕ್ಕೆ ತುತ್ತದ ನೀರು, ತಿರುಗಿಸಿ ಅಲ್ಲ,
ಅಂತ ನಾನು ಡ್ರಮ್ಮಿಗೆ ಹೇಳಿದೆ.
ಗೊತ್ತುಂಟು, ಅಂತ ಅವನು ಕೋಲಿಗೆ ಹೇಳಿದ.
ಆಕಾಶದ ತುಂಡೊಂದು ಡ್ರಮ್ಮಿಗೆ ಬಿದ್ದ ಹಾಗೆ ನೀಲಿ ಎದ್ದಿತು.
ಹೊಳೆಯುವ ಚಾಕು ಅದ್ದಿ ತೆಗೆದರೆ
ಅಲಗು ಕೆಂಪಾಗಿತ್ತು.
ಸುಣ್ಣ ಸಾಲದು ನಾಚಪ್ಪಣ್ಣ, ಅಂದ,
ಹನ್ನೊಂದು ವರ್ಷದ ಮೇಲೆ, ನನ್ನ ಮುಖ ನೋಡಿ.
ಹಾಕಿದೆವು. ಮತ್ತೆ ಅದ್ದಿದೆವು.
ಚಾಕು ಚಾಕಿನ ಹಾಗೇ ಇತ್ತು.

ಕೊನೆಗೆ ಮಡಿಕೇರಿಯಿಂದ ಸಾಹೇಬರು ಬಂದರು,
ನೀತಿ ತಿದ್ದುವುದಕ್ಕೆ ನಮ್ಮ ಸಲಹೆ ಬೇಕಂತೆ.
ಮಾರ್ಜಿನ್ ಅಂದರು ಕೆಲವರು, ಸಾಗಾಟದ ಬಾಡಿಗೆ ಅಂದರು.
ಮೊಯ್ದು ಎದ್ದು ನಿಂತು ತನ್ನ ಹೆಬ್ಬೆರಳು ತೋರಿಸಿದ:
ಸಬ್ಸಿಡಿ ಮಷೀನಿಗೆ ಬೊಳ್ಳಿಯ ಬೆರಳು ಹತ್ತುವುದಿಲ್ಲ ಸಾರ್,
ಕಾಫಿ ಕುಯ್ದು ಕುಯ್ದು ಗೆರೆ ಸವೆದಿದೆ.
ಎರಡೆಕ್ರೆ ಗದ್ದೆಗೆ ಒಂದು ಮೂಟೆ ಕೇಳ್ತಾಳೆ,
ಮಷೀನು ಯಾರು ನೀನು ಅಂತದೆ.
ನನ್ನ ಬೆರಳು ಮಾತ್ರ ಪಟ್ಟಂತ ಹತ್ತುತ್ತದೆ.
ಸಾಹೇಬರು ಬರೆದುಕೊಂಡರು: ತಾಂತ್ರಿಕ ತೊಂದರೆ.
ಆಮೇಲೆ ಎಲ್ಲರಿಗೂ ಉಪ್ಪಿಟ್ಟು.

ಸೋಮವಾರ ಬೆಳಿಗ್ಗೆ ಜೀಪಿನಲ್ಲಿ ಗಿರಾಕಿ,
ಬಳ್ಳಿ ಹಳದಿಯಾಗ್ತಿದೆ, ಸ್ಟ್ರಾಂಗ್ ಏನಾದರೂ ಕೊಡು, ಅಂದರು.
ಎಲೆ ತಂದಿದ್ದೀರಾ? ಬೇರು ನೋಡಿದಿರಾ?
ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು,
ಅಂಗಡಿಯವನೋ ಡಾಕ್ಟರೋ ಅಂತ ಬೈದುಕೊಂಡು
ರಸ್ತೆ ದಾಟಿ ಹೋದರು.

ಒಂದು ಸಾವಿರದ ಎಂಟುನೂರು ರೂಪಾಯಿ
ಕಣ್ಣೆದುರಿಗೇ ನಡೆದು ಹೋಯಿತು.
ಪೆನ್ಸಿಲ್ ಕಚ್ಚುತ್ತ ಕೂತೆ.

ಆಚೆಯಿಂದ ಮೊಯ್ದುವಿನ ದನಿ ಕೇಳಿಸಿತು,
ಬೇಕೆಂದೇ ಸ್ವಲ್ಪ ಜೋರಾಗಿ:
ಎಲೆ ತಂದಿದ್ದೀರಾ?