ನೆಲ ಡೊಂಕು

ಇದು ಕುಣಿಯಲಾರದವಳ ನೆಪವಲ್ಲ.
ರಾಟರ್‌ಡ್ಯಾಮಿನ ಈ ಹಳೆಯ ಕಾಫಿ ಗೋದಾಮಿನ ನೆಲ
ಹೊಳೆಯ ಕಡೆಗೆ ನಿಜಕ್ಕೂ ವಾಲಿದೆ.
ಬಾಟಲಿ ಇಟ್ಟರೆ ಉರುಳುತ್ತ ಹೋಗಿ
ಕಿಟಕಿಯ ಕೆಳಗಿನ ಶೂಗಳ ರಾಶಿ ಸೇರುತ್ತದೆ.
"ಒಳ್ಳೇದೇ ಆಯಿತು" ಎನ್ನುತ್ತಾಳೆ ಜುಲೈಕಾ,
"ಸಮ ನೆಲದ ಮೇಲೆ ಯಾರು ಬೇಕಾದರೂ ನಿಲ್ಲುತ್ತಾರೆ."

ಶನಿವಾರ, ಭಾನುವಾರ. ಆರು ಪಾಠ,
ತೊಂಬತ್ತು ಯೂರೋ, ಮಧ್ಯಾಹ್ನ ಬಟಾಣಿ ಸೂಪು.
ಕಲಿಯಬೇಕಾದ್ದು:
ಎಂಟು ಎಣಿಕೆ ತಬ್ಬಿಕೊಂಡು ಕಿಜೊಂಬಾ,
ಎಂಟು ಎಣಿಕೆ ಕೈಬಿಟ್ಟು ಪಾಪಿಂಗ್,
ಮತ್ತೆ ಅದೇ ತೋಳಿಗೆ ಬರುವುದು
ಏನೂ ಆಗಿಲ್ಲವೆಂಬಂತೆ.

ಇಷ್ಟೇ.

ನಾನು ಸೇತುವೆ ಎತ್ತುವವಳು.
ಹಡಗು ಬಂದರೆ ಗಂಟೆ ಬಾರಿಸಿ, ಗೇಟು ಇಳಿಸಿ,
ರಸ್ತೆಯನ್ನು ನಡುವೆ ಸೀಳಿ ನೆಟ್ಟಗೆ ನಿಲ್ಲಿಸುತ್ತೇನೆ.
ಸೈಕಲ್ಲಿನವರು ಬೈಯುತ್ತಾರೆ. ಅಭ್ಯಾಸವಾಗಿದೆ.
ಹತ್ತೊಂಬತ್ತು ವರ್ಷ, ಪ್ರತಿ ಗುರುವಾರ,
ಗೆರ್‌ಬ್ರಾಂಡನ ಜೊತೆ ಬಾಲ್‌ರೂಮ್ ಕುಣಿದೆ.
ಗಂಡನಲ್ಲ, ಗೆಳೆಯನೂ ಅಲ್ಲ;
ಮನೆ ಎಲ್ಲಿ ಎಂದು ಕೇಳಿದವಳಲ್ಲ ನಾನು.
ಆದರೆ ಅವನ ಬಲ ಹೆಬ್ಬೆರಳು ಕೂದಲೆಳೆಯಷ್ಟು ಸರಿದರೂ
ನನ್ನ ಬೆನ್ನಿಗೆ ತಿಳಿಯುತ್ತಿತ್ತು.
ಮಂಡಿ ಸವೆದು ಅವನು ನಿಂತ.
ನಾನೊಂದು ಕಾರ್ಡು ಕಳಿಸಿದೆ.

"ಬದಲಿ!" ಜುಲೈಕಾಳ ಚಪ್ಪಾಳೆ.
ಎರಡು ನಿಮಿಷಕ್ಕೊಂದು ಹೊಸ ಅಂಗೈ.
ಲವಂಗ ನಾರುವ ದಂತವೈದ್ಯನದು,
ಅಂಗಡಿಯ ಗಾಡಿ ತಳ್ಳುವಂತೆ ನನ್ನ ತಳ್ಳುವವಳದು.
ಸಾರಿ ಅಂದರೆ ಡಬ್ಬಿಗೆ ಹತ್ತು ಸೆಂಟು ದಂಡ.
ಊಟದ ಹೊತ್ತಿಗೆ ನನ್ನ ಸಾಲ ಎರಡು ಯೂರೋ ನಲವತ್ತು.

ಹೆಚ್ಚಿನದೆಲ್ಲ ಒಂಟಿ ಎಂಟರಲ್ಲಿ ಬಂದ ಸಾಲ.
"ಎದೆ! ಮೊಣಕೈ! ಬಿಗಿ, ಬಿಡು!"
ಎಲ್ಲರೂ ಮಿಂಚು ಹೊಡೆದಂತೆ ಅದುರುವಾಗ
ನಾನು ಬಸ್ಸಿನಲ್ಲಿ ಚೀಲ ಮರೆತು ಇಳಿದವಳಂತೆ.
ಕೈಗಳು ಗಾಳಿಯಲ್ಲಿ
ಒಂದು ಹಳೆಯ ಭುಜದ ಎತ್ತರವನ್ನೇ ಹಿಡಿದು ನಿಂತಿವೆ.

ನೌಫಲನಿಗೆ ಹದಿನೇಳು.
ರೈಲು ನಿಲ್ದಾಣದ ಮುಂದೆ ತಲೆಯ ಮೇಲೆ ಬುಗುರಿಯಾಗುವ ಹುಡುಗ,
ಮೂಳೆಗಳನ್ನು ಮನೆಯಲ್ಲೇ ಬಿಟ್ಟು ಬಂದವನು.
ಜೊತೆಯ ಎಂಟು ಬಂದರೆ ಮಾತ್ರ
ಮೀನಿನ ಹಾಗೆ ತಣ್ಣಗೆ ಜಾರುವ ಕೈ,
ಚಾವಣಿಗೆ ಅಂಟಿದ ಕಣ್ಣು.
ನಮ್ಮಿಬ್ಬರ ನಡುವೆ ಅಕ್ಕಿಮೂಟೆಯೊಂದು ಆರಾಮಾಗಿ ನಿಂತೀತು.
"ಕೈ ಎಲ್ಲಿಡಲಿ?" ಎಂದು ಕೇಳಿದ,
ನನ್ನನ್ನಲ್ಲ, ನೆಲವನ್ನು.

"ಇಲ್ಲಿ. ರಾತ್ರಿ ಬಾಗಿಲಿನ ಮೇಲೆ ಇಟ್ಟ ಹಾಗೆ.
ತಳ್ಳುವುದಕ್ಕಲ್ಲ,
ಮುಚ್ಚಿದೆಯೋ ಇಲ್ಲವೋ ನೋಡುವುದಕ್ಕೆ."
ಇಟ್ಟ. ತೆಗೆದ. ಜೀನ್ಸಿಗೆ ಒರೆಸಿಕೊಂಡ. ಇಟ್ಟ.

"ನೀವು ಟ್ರಾಮಿನಲ್ಲಿ ನಿಂತಿರ್ತೀರಲ್ಲ" ಎಂದ ಆಮೇಲೆ,
ಮೊದಲ ಸಲ ನನ್ನ ಮುಖ ನೋಡಿ,
"ಡ್ರೈವರ್ ತಟ್ಟನೆ ಬ್ರೇಕ್ ಒತ್ತಿದಾಗ
ಬೀಳದೆ ಉಳಿಯೋದಕ್ಕೆ ಏನೋ ಮಾಡ್ತೀರಲ್ಲ,
ಅದೇ. ಅಷ್ಟೇ ಮಾಡಿ."

ಐದಕ್ಕೆ ಹೊಡೆಯಬೇಕಿದ್ದ ಎದೆ ಆರಕ್ಕೆ ಹೊಡೆಯಿತು.
ಯಾರೋ ನಕ್ಕರು. ನಾನೇ.
ತಿರುಗಿ ಬಂದಾಗ ಅವನ ಕೈ ಅಲ್ಲೇ ಇತ್ತು,
ಬಾಗಿಲು ಕಾಯುತ್ತ.

ಹಾಡು ಮುಗಿಯುವಷ್ಟರಲ್ಲಿ ಹದಿನಾಲ್ಕು ಜೋಡಿಯೂ
ಇಳಿಜಾರಿಗೆ ಸರಿದು ಸರಿದು
ಕಿಟಕಿಯ ಬಳಿ ಗುಂಪಾಗಿದ್ದೆವು,
ಯಾರದೋ ಶೂ ನನ್ನ ಹಿಮ್ಮಡಿಯ ಕೆಳಗೆ.
"ಮೇಲೆ! ಎಲ್ಲರೂ ಮೇಲೆ ಹತ್ತಿ!" ಎಂದು ಕೂಗಿದಳು ಜುಲೈಕಾ,
ಕುರಿ ಅಟ್ಟುವವಳಂತೆ ಕೈ ಬೀಸುತ್ತ.

ಸೋಮವಾರ. ಮರಳು ಹೊತ್ತ ದೋಣಿ.
ರಸ್ತೆ ಎರಡಾಗಿ ನಿಂತಿದೆ, ಸೈಕಲ್ಲುಗಳು ಕಾದಿವೆ.
ಈ ಸೇತುವೆ ಇಳಿದು ಕೂಡಲು
ಎಷ್ಟು ಎಣಿಕೆ ಎಂದು ಇಷ್ಟು ವರ್ಷದಲ್ಲಿ ಎಣಿಸಿರಲಿಲ್ಲ.
ಎಣಿಸಿದೆ.
ಎಂಟರ ಲೆಕ್ಕಕ್ಕೆ ಬರುವುದಿಲ್ಲ.
ಅರವತ್ತೊಂದು.