ಬೇಳೆ ಬೇಯದ ನೀರು

ಕಪ್ಪು ಕಾರು ತಗೋಬೇಡ ಅಂದಿದ್ದರು ಎಲ್ಲರೂ.
ಶಿಡ್ಲಘಟ್ಟದಲ್ಲಿ ಕಪ್ಪು ಕಾರು ಅಂದರೆ
ಇಸ್ಕೂಲಿನ ಹಲಗೆ,
ದಿನಾ ಯಾರೋ ಬರೆದು ಹೋಗುತ್ತಾರೆ.

ಬರೆದದ್ದು ಪಕ್ಕದ ಹಿಪ್ಪುನೇರಳೆ ತೋಟದ ಸ್ಪ್ರಿಂಕ್ಲರ್.
ರಾತ್ರಿ ಮೂರಕ್ಕೆ ಕರೆಂಟು ಬಂದಾಗ
ಚಿಕ್ ಚಿಕ್ ಚಿಕ್ ತಿರುಗಿ
ಸೊಪ್ಪಿಗಿಷ್ಟು, ಬೇಲಿಗಿಷ್ಟು, ನನ್ನ ಬಾನೆಟ್ಟಿಗಿಷ್ಟು.
ಏಳಕ್ಕೆ ಬಿಸಿಲು. ಎಂಟಕ್ಕೆ ನೀರಿಲ್ಲ.
ಹೋಗುವಾಗ ಹೊತ್ತಿದ್ದ ಕಲ್ಲನ್ನು ಇಲ್ಲೇ ಇಳಿಸಿ ಹೋಗಿದೆ,
ಹನಿಗೊಂದು ಬಿಳಿ ಉಂಗುರ.

ಸಾವಿರದ ಮುನ್ನೂರೈವತ್ತು ಅಡಿಯಿಂದ ಎತ್ತಿದ್ದು.
ತಾತನ ತಾತನೂ ಕಾಣದ ನೀರು,
ಕತ್ತಲಲ್ಲಿ ಬಂಡೆ ನೆಕ್ಕುತ್ತಾ ಕೂತಿದ್ದದ್ದು
ಮೊದಲ ಸಲ ಮೇಲೆ ಬಂದು
ನಾಲ್ಕೈದು ಗಂಟೆ ಬದುಕಿತು,
ಕಂತು ತೀರಿ ಎರಡೇ ತಿಂಗಳಾದ ಕಾರಿನ ಮೇಲೆ.

ಭಾನುವಾರ ನೋಡಲು ಬರುತ್ತಾರೆ, ಬಾಗೇಪಲ್ಲಿ ಕಡೆಯವರು.
ಬ್ರೋಕರ್ ಸುಭಾನ್ ಕಣ್ಣು ಕಿರಿದು ಮಾಡಿದ:
"ಈ ಕಲೆ ಇದ್ದರೆ ಹದಿನೈದು ಸಾವಿರ ಅಲ್ಲೇ ಹೋಯ್ತು."
ಅವನ ತಮ್ಮ ಟೂತ್‌ಪೇಸ್ಟ್ ಹಚ್ಚು ಅಂದ.
ನಲವತ್ತು ವರ್ಷದಿಂದ ಹಚ್ಚುತ್ತಲೇ ಇದ್ದೀನಿ ಮಾರಾಯ,
ಅದರಿಂದ ಹೋಗುವುದಾಗಿದ್ದರೆ ಹೋಗಿರುತ್ತಿತ್ತು.

ಶಾಂಪೂ ಹಾಕಿ ತೊಳೆದೆ.
ಒದ್ದೆ ಇರುವಾಗ ಮಾಯ, ಒಣಗಿದೊಡನೆ ಹಾಜರು.
ತೊಳೆದದ್ದೂ ಅದೇ ಬೋರಿನ ನೀರಲ್ಲಲ್ಲವೇ,
ಹಳಬರ ಜೊತೆ ಹೊಸ ನೆಂಟರೂ ಬಂದು ಕೂತಿದ್ದರು.

ಗೋಡೆಯಾಚೆಯಿಂದ ಖಮರುನ್ನೀಸಾ ನಕ್ಕರು.
ಮೂವತ್ತು ವರ್ಷ ಬಿಸಿನೀರಲ್ಲಿ ಗೂಡು ತಡವಿ
ಎಳೆ ಹಿಡಿದ ಕೈ,
ಬೆರಳ ತುದಿಯಲ್ಲಿ ಗೆರೆಯೇ ಉಳಿದಿಲ್ಲ,
ರೇಷನ್ ಮಿಷನ್ನು ಅವರನ್ನು ಗುರುತಿಸುವುದಿಲ್ಲ.
"ಈ ನೀರಿಗೆ ರೇಷ್ಮೆಯೇ ಮಂಕಾಗ್ತದೆ, ಕಾರು ಯಾವ ಲೆಕ್ಕ?
ಉಜ್ಜಬೇಡಪ್ಪ. ಹುಳಿ ಕೊಡು, ನೆನೆಯಲಿ. ಅದೇ ಬಿಡ್ತದೆ."

ಬಿಸಿಲು ಇಳಿಯುವ ತನಕ ಕಾದೆ.
ಅಂಗೈ ಇಟ್ಟರೆ ಬಾನೆಟ್ಟು
ಜ್ವರ ಬಿಟ್ಟ ಹಣೆಯಷ್ಟು ತಣ್ಣಗೆ.
ಗೋಬಿ ಗಾಡಿಯವನ ಹತ್ತಿರ ಇಸಿದುಕೊಂಡ ವಿನಿಗರ್ ಅರ್ಧ,
ಐದು ರೂಪಾಯಿ ಕಾಯಿನ್ ಹಾಕಿ ಹಿಡಿದ ಕ್ಯಾನಿನ ನೀರು ಅರ್ಧ.
ಹಳೇ ಬನೀನು ನೆನೆಸಿ ಪಟ್ಟಿ ಹಾಕಿದಂತೆ ಹಾಸಿದೆ.
ಎರಡು ನಿಮಿಷ. ಬೀದಿಯೆಲ್ಲ ಉಪ್ಪಿನಕಾಯಿ ವಾಸನೆ.
ಎತ್ತಿದರೆ,
ಕಪ್ಪಿನೊಳಗೆ ಆಕಾಶ, ಕರೆಂಟು ತಂತಿ,
ತಂತಿಯ ಮೇಲೆ ತಲೆಕೆಳಗಾದ ಕಾಗೆ.

ಇನ್ನು ಹುಳಿ ತೊಳೆಯಬೇಕು, ಮೆದು ನೀರಲ್ಲೇ.
ಕ್ಯಾನ್ ಎತ್ತಿದೆ. ಬಾಗಿಲಲ್ಲಿ ಸರ್ವಮಂಗಳ:
"ಅದು ಬೇಳೆಗೆ ಇಟ್ಟಿದ್ದು. ಬೋರಿನ ನೀರಿಗೆ
ಹತ್ತು ಸೀಟಿ ಹೊಡೆದರೂ ತೊಗರಿ ಕಲ್ಲಾಗೇ ಇರತ್ತೆ."
ಬೇಳೆಯೋ, ಹದಿನೈದು ಸಾವಿರವೋ?
ಸುರಿದೆ, ಇಪ್ಪತ್ತು ಲೀಟರೂ.
ರಾತ್ರಿ ಚಿತ್ರಾನ್ನ ತಿಂದೆವು, ಮಾತಿಲ್ಲದೆ.

ಒಂದು ಉಂಗುರ ಮಾತ್ರ ಹೋಗಲಿಲ್ಲ.
ಬಲಗಡೆ, ವೈಪರಿನ ಪಕ್ಕ.
ಹುಳಿಗೆ ಜಗ್ಗಲಿಲ್ಲ, ಪಾಲಿಶಿಗೂ.
ಉಗುರು ಆಡಿಸಿದರೆ ಸಣ್ಣ ತಗ್ಗು,
ಪದರ ತಿಂದು ಒಳಗೆ ಮನೆ ಮಾಡಿತ್ತು.
ಇನ್ನೂ ಉಜ್ಜಿದರೆ ಬಣ್ಣವೇ ಹೋಗುತ್ತದೆ.
ಬಿಟ್ಟೆ. ಬಿಡುವುದೂ ಕೆಲಸದಲ್ಲಿ ಸೇರಿದ್ದೇ.

ಭಾನುವಾರ ನಾರೆಪ್ಪನವರು ಬಂದರು.
ಟೈರು ನೋಡಲಿಲ್ಲ, ಇಂಜಿನ್ ಕೇಳಲಿಲ್ಲ,
ನೇರ ಹೆಬ್ಬೆರಳು ತಂದು ಅಲ್ಲೇ ಇಟ್ಟರು.
ನನ್ನ ಎದೆ ಧಸಕ್ಕೆಂದಿತು.
"ಎಷ್ಟಡಿ ನಿಮ್ಮದು?"
"ಸಾವಿರದ ಮುನ್ನೂರೈವತ್ತು."
"ನಮ್ಮದು ಸಾವಿರದ ಏಳುನೂರು!" ಅಂತ
ಪಂದ್ಯ ಗೆದ್ದವರ ಹಾಗೆ ನಕ್ಕರು.
ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ.
ಆರನೇ ಕ್ಲಾಸಿನಿಂದ ಬಾಯಿಗೆ ಕೈ ಅಡ್ಡ ಹಿಡಿದು ನಗುವ ನನಗೆ
ಅದು ಓದಲು ಬರುವ ಅಕ್ಷರ.
ಕೈ ತೆಗೆದು ನಾನೂ ನಕ್ಕೆ.

ಆಮೇಲೆ ಎಂಟು ಸಾವಿರ ಮುರಿದುಕೊಂಡೇ ಕೊಟ್ಟರು.
ನಗು ಬೇರೆ, ವ್ಯಾಪಾರ ಬೇರೆ.