ಸೌನಾದಲ್ಲಿ ನಾಲ್ಕು ರಿಮ್ಮು

ಅಲಾಯ್ ಬೇಡ, ಅಂದಳು ಹಿಲ್ಕಾ.
ಹೊಳೆಯುವುದು ಬೇಸಿಗೆಗಿರಲಿ,
ರಸ್ತೆಗೆ ಉಪ್ಪು ಸುರಿದ ಮೇಲೆ
ಹೊಳಪಿಗೆ ಯಾರು ದಿಕ್ಕು?

ಕೆಮಿಯಾರ್ವಿಯ ಗುಜರಿಯಲ್ಲಿ
ಮೊಣಕಾಲೂರಿ ತೂತು ಎಣಿಸಿದಳು: ಐದು.
ನಡುವಿನ ಕಣ್ಣಿಗೆ ಟೇಪು ಹಿಡಿದಳು.
ಒಂದೊಂದನ್ನೇ ನೆಲಕ್ಕೆ ಉರುಳಿಸಿ
ಓಲಾಡಿದ್ದನ್ನು ಪಕ್ಕಕ್ಕೆ ಒದ್ದಳು.
"ಕುದುರೆ ಕೊಳ್ಳೋಕೆ ಬಂದ ಹಾಗಿದೆ,
ಹಲ್ಲೂ ತೋರಿಸಲಾ?" ಗೊಣಗಿದ ಔಲಿಸ್.

ಅಂಗಳದಲ್ಲಿ ತಂತಿಬ್ರಷ್ಷು. ತುಕ್ಕು
ದಾಲ್ಚಿನ್ನಿ ಪುಡಿಯಂತೆ ಹುಲ್ಲಿನ ಮೇಲೆ.
ಟೈರು ಕೂರುವ ಅಂಚನ್ನು ಮಾತ್ರ ಎರಡು ಸಲ ತಿಕ್ಕಿದಳು,
ಗಾಳಿ ಕಳ್ಳನಂತೆ ಜಾರುವುದು ಅಲ್ಲಿಂದಲೇ.
ಆಮೇಲೆ ಪ್ರೈಮರು. ಆಮೇಲೆ ಕಪ್ಪು.

ಹೊರಗೆ ಎರಡೇ ಡಿಗ್ರಿ, ಬಣ್ಣ ಆರದು.
ಹಾಗಾಗಿ ಶನಿವಾರದ ಸೌನಾದಲ್ಲಿ
ಹಲಗೆಯ ಮೇಲೆ ನಾಲ್ಕು ರಿಮ್ಮು ಕೂತವು
ದೊಡ್ಡ ಮನುಷ್ಯರ ಹಾಗೆ.
ಗಂಡ ಟವೆಲು ಸುತ್ತಿ ಬಾಗಿಲಲ್ಲಿ:
"ನನ್ನ ಸರದಿ?"
"ಇವು ಆರಲಿ."

ಸೋಮವಾರ ನಸುಕಿಗೆ ಅಂಚೆಯ ವ್ಯಾನು,
ಕೊನೆಯ ಮನೆಗೆ ತೊಂಬತ್ತು ಕಿಲೋಮೀಟರು.
ಹೋದ ಜನವರಿ, ಸೇತುವೆಯಾಚೆ,
ಬಿರುಕು ಬಿಟ್ಟ ಅಲಾಯ್, ಮೈನಸ್ ಮೂವತ್ತು,
ಮೂರು ಗಂಟೆ ಒಂದು ದೀಪವೂ ಹಾಯದೆ
ಕಾದದ್ದನ್ನು ಅವಳು ಯಾರಿಗೂ ಹೇಳಿಲ್ಲ.

ಕಿರುಬೆರಳಿನಿಂದ ಮುಟ್ಟಿ ನೋಡುತ್ತಾಳೆ.
ಇನ್ನೂ ಅಂಟು.